ಬಳಿಗಾರ್ತಿ ಹುಸೇನಬಿಯ ಗಾಡಿ

ಯಾವ ವರ್ಷ ಅಂತ ಕೇಳಬ್ಯಾಡ್ರಿ, ಹೇಳಾವ್ರು ಯಾರೂ ಉಳಿದಿಲ್ಲ. ಭಾಳ ಹಿಂದ, ಹಳ್ಳದ ದಂಡಿ ಮ್ಯಾಲಿನ ಒಂದೂರಾಗ ಹುಸೇನಬಿ ಅಂತ ಬಳಿಗಾರ್ತಿ ಇದ್ದಳಂತ. ಒಂಟೆತ್ತಿನ ಗಾಡಿ ತುಂಬ ಬಳಿ, ಬಾಯಿ ತುಂಬ ಮಾತು. ಬಳಿ ಇಡಿಸ್ಕೊಂಡಾಕಿನ್ನ ಸುಮ್ನ ಎದ್ದು ಹೋಗಾಕ ಬಿಡ್ತಿರಲಿಲ್ಲಂತ. ನಗಬೇಕು, ಎರಡೂ ಕೈ ಎತ್ತಿ ಬಳಿ ಗಲ್ ಅನ್ನಿಸಬೇಕು, ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು.

ಒಡಪಿನಾಗ ನೀಲಗಂಗವ್ವನ್ನ ಮೀರಿಸಾವ್ರು ಆ ಸೀಮ್ಯಾಗ ಇರಲಿಲ್ಲ. ಮಂದಿನ್ನ ಅಣಕ ಮಾಡೂದರಾಗೂ ಆಕಿನ ಮುಂದು. ಬಸುರಿ ಸೊಸಿಯ ಕುಬಸದ ದಿನ, ಕಾಯಿ ಒಡಿಯೂತನಕ ಹಾಡಿ ಎಲ್ಲಾರನ್ನೂ ನಗಿಸಿದಾಕಿ, ಬಳಿ ಇಡಿಸ್ಕೊಂಡು ಒಡಪು ಹೇಳಾಕ ಹ್ವಾದ್ರ ನಾಲಗಿ ತೊದಲಿತು. ನಕ್ಕರ ಬಾಯಿ ಒಂದ ಕಡಿಗೆ ಜಗ್ಗಿತು. ಎತ್ತಿದ ಎರಡು ಕೈಯಾಗ ಒಂದು ತಾನಾಗೇ ಇಳೀತು. ಯಾರನ್ನೋ ಅಣಕಸಾಕತ್ತಾಳ ಅಂತ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರಂತ.

ಹುಸೇನಬಿ ನಗಲಿಲ್ಲ. ಆಕಿ ಹಡದವ್ವಗೂ ಹಿಂಗ ಆಗಿತ್ತು. ಮಲಗಿ ಎದ್ದರ ಸರಿಹೋಗತೈತಿ ಅಂತ ಮಂದಿ ಎಣ್ಣಿ ತಿಕ್ಕೋತ ಕೂತಿದ್ರು. ಆ ತಾಯಿ ಮತ್ತ ಮಗಳ ಹೆಸರು ಹಿಡದು ಕರೀಲೇ ಇಲ್ಲ. ಆ ಸಂಕಟ ಎದ್ಯಾಗ ಹಂಗ ಇತ್ತು. ಇದು ಲಕ್ವಾ, ಈಗಿಂದೀಗ ದವಾಖಾನಿಗೆ ಅಂದಳು. ನೀರು ತಂದವರ ಕೈ ತಡದಳು, ನುಂಗಾಕ ಆಗದ ಉಸಿರಿಗೆ ಹತ್ತೀತು ಅಂತ. ನೀಲಗಂಗವ್ವನ ಗಂಡ ಬಸಲಿಂಗಪ್ಪ ಕುಬಸದ ಊಟ ಮುಗೀಲಿ ಅಂದ.

"ಊಟ ನಾಳೇನೂ ಆಗತೈತಿ ಅಣ್ಣಾ, ಗಾಡಿ ಹತ್ತ್ರಿ" ಅಂದಳು ಹುಸೇನಬಿ. ಒಡದ್ರ ಒಡೀಲಿ ಅಂತ ಗಾಡ್ಯಾಗಿನ ಬಳಿ ಎಲ್ಲಾ ಅಂಗಳಕ್ಕ ಸುರುವಿ, ನೀಲಗಂಗವ್ವನ್ನ ಮಲಗಿಸಿ, ತಾನ ಎತ್ತು ಹೊಡದಳಂತ.

ಎತ್ತಿನ ಕಾಲು ನೆಲಕ್ಕ ತಾಕಲಿಲ್ಲ ಅಂತಾರ. ತುಂಬಿದ ಹಳ್ಳ ಸರದು ದಾರಿ ಬಿಡ್ತು ಅಂತಾರ. ನಾನೇನು ಕಂಡೀನಿ? ಯಾವಾಗ ಶುರುವಾತು ಅಂತ ಪ್ಯಾಟಿ ಡಾಕ್ಟರು ಕೇಳಿದಾಗ, ಕಾಯಿ ಒಡಿಯೂತನಕ ಚಲೋ ಇದ್ದಳು ಅಂತ ಹುಸೇನಬಿ ಹೇಳಿದ್ದಂತೂ ಖರೆ. ಲಗೂನ ತಂದೀರಿ, ಔಷಧ ಕೆಲಸ ಮಾಡತೈತಿ ಅಂದ್ರಂತ ಅವರು.

ಸೊಸಿ ಹಡದು ಕೂಸಿನ್ನ ತೊಟ್ಟಿಲಕ್ಕ ಹಾಕೂ ದಿನ ನೀಲಗಂಗವ್ವ ಮತ್ತ ಬಳಿ ಇಡಿಸ್ಕೊಂಡಳು. ಮೆಲ್ಲಕ ಎರಡೂ ಕೈ ಎತ್ತಿದಳು.

"ಒಡದ್ವು ಬಳಿ, ಉಳೀತು ಮಾತು, ಬಸಲಿಂಗಪ್ಪನ ಹೆಸರು ಹೇಳತೀನಿ ಹುಸೇನಬಿ ಮುಂದ ಕೂತು."

ಹುಸೇನಬಿ ಸೆರಗಿಲೆ ಕಣ್ಣು ಒರಸ್ಕೊಂಡು ನಕ್ಕಳಂತ.

ಈಗೂ ಆ ಊರಾಗ ಬಳಿ ಇಡಿಸ್ಕೊಂಡಾಕಿ ನಕ್ಕು, ಎರಡೂ ಕೈ ಎತ್ತಿ, ಇದ ಒಡಪಿನಾಗ ತನ್ನ ಗಂಡನ ಹೆಸರು ಸೇರಿಸಿ ಹೇಳತಾಳ. ಹೊಲದಿಂದ ಬಂದ ಗಂಡನ್ನೂ ಬಿಡೂದಿಲ್ಲ, ಕೈ ಎತ್ತಿಸೇ ಊಟಕ್ಕ ಹಾಕತಾಳ. ಒಂದು ಕೈ ಇಳೀತಂದ್ರ, ಬಾಯಿ ವಾರೆ ಆತಂದ್ರ, ಉಣ್ಣೂ ಎಲಿ ಬಿಟ್ಟು ಎದ್ದು ಗಾಡಿ ಹೂಡತಾರ.