ಜಾಲಿಕೊಂಬೆಯ ಕೆಳಗಿನ ಮೀನು

ಮೀನು ಹಿಡಿಯಲು ಬಾರದವರಿಗೆ ಈ ಕಥೆ ಅರ್ಧ ಮಾತ್ರ ಸಿಗುತ್ತದೆ. ಅಷ್ಟು ಸಿಕ್ಕರೂ ಸಾಕು, ನಿದ್ದೆ ಕೆಡುತ್ತದೆ.

ಹೊಳೆಯ ದಂಡೆಯ ಮೇಲೆ ಹರಿಗೋಲಯ್ಯನ ಗುಡಿಸಲು. ಒಂದು ಕಾಲಕ್ಕೆ ಹರಿಗೋಲು ನಡೆಸುತ್ತಿದ್ದವನು, ಆಮೇಲೆ ಗುರುವಾದವನು. ಅವನ ಒಲೆಯ ಮೇಲೆ ಮೀನು ಬೇಯುತ್ತಿತ್ತು. ಮೂಗು ಮುಚ್ಚಿಕೊಳ್ಳುವವರು ಅಲ್ಲಿಗೆ ಬರುತ್ತಿರಲಿಲ್ಲ. ಬರದೆ ಒಳ್ಳೆಯದೇ ಮಾಡಿದರು.

ಅವನ ಶಿಷ್ಯ ಓಬಳೇಶ. ಗಾಳ ಹಾಕುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇದನ್ನು ಬೇರೆಯವರು ಹೇಳುವ ಮೊದಲು ಅವನೇ ಹೇಳುತ್ತಿದ್ದ.

ಹುಣ್ಣಿಮೆಗೆ ಅವನಿಗೆ ದೀಕ್ಷೆ ಎಂದು ಮಾತಾಗಿತ್ತು. ಅವನ ಊರು ಆಚೆ ದಡದಲ್ಲೇ ಇತ್ತು. ಗುಡಿಸಲಿನಿಂದ ನೋಡಿದರೆ ಮನೆಗಳ ಹೊಗೆ ಕಾಣುತ್ತಿತ್ತು. ಓಬಳೇಶ ಆ ಕಡೆ ಬೆನ್ನು ಹಾಕಿ ಕೂರುತ್ತಿದ್ದ.

ಹುಣ್ಣಿಮೆ ಹತ್ತಿರ ಬಂದಾಗ ಅವನ ಹೆಂಡತಿಯ ತಮ್ಮ ಮೈಲಾರಿ ಹೊಳೆ ದಾಟಿ ಬಂದ. ದಂಡೆಯ ಮೇಲೆ ನಿಂತೇ ಮಾತಾಡಿದ.

"ಮಗೀಗೆ ಜ್ವರ ಇಳೀತಿಲ್ಲ ಭಾವ. ಕಣ್ಣು ಬಿಟ್ಟಾಗೆಲ್ಲ ಅಪ್ಪ ಎಲ್ಲಿ ಅಂತಾಳೆ."

"ನಾನು ಎಲ್ಲಾ ಬಿಟ್ಟು ಬಂದವನು. ಈಗ ನಾನು ಯಾರ ಅಪ್ಪನೂ ಅಲ್ಲ."

"ಔಷಧಿ ತಾ ಅಂತ ನಿನ್ನ ಕೇಳಿದ್ನಾ ನಾನು? ಒಂದ್ಸಲ ಬಂದು ಮುಖ ತೋರ್ಸು."

"ಬಂದ್ರೆ ಜ್ವರ ಇಳೀತದಾ?"

"ಅದು ನಂಗೊತ್ತಿಲ್ಲ."

"ಮತ್ತೆ? ಬಂದು ಏನು ಸಿಗ್ತದೆ?"

ಮೈಲಾರಿ ತಾನು ಬಂದ ಹರಿಗೋಲಿನಲ್ಲೇ ಹಿಂದಿರುಗಿದ.

ಒಲೆಯ ಮುಂದೆ ಕೂತು ಅಡುಗೆ ಮಾಡುತ್ತಿದ್ದ ಮುದುಕಿ ದುರುಗವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೋಡ್ರಯ್ಯ, ನಿಮ್ಮ ಶಿಷ್ಯ ದೀಕ್ಷೆಗೆ ಮುಂಚೇನೇ ದೇವರಾಗ್ಬಿಟ್ಟ. ಕಲ್ಲಾಗಿ ಕುಂತವ್ನೆ."

ಹರಿಗೋಲಯ್ಯ ಶಿಷ್ಯನನ್ನು ಕೇಳಿದ. "ಏನೇನು ಬಿಟ್ಟೆ?"

"ಎಲ್ಲಾ."

"ಗಾಳ?"

"ಅದು ಕೈಯಾಗೇ ಐತಲ್ಲ ಅಯ್ಯ."

ಗುರು ಕುಡುಗೋಲು ತೆಗೆದುಕೊಂಡು ಹೋಗಿ ಒಂದು ಜಾಲಿಕೊಂಬೆ ಕಡಿದ. ಅದನ್ನು ಮಡುವಿನ ಅಂಚಿನಲ್ಲಿ ನೆಟ್ಟು ಬಂದ.

ಅದು ಆ ಹೊಳೆಯವರ ಪದ್ಧತಿ. ಚೈತ್ರದ ಮಳೆ ಬಿದ್ದ ಮೇಲೆ ಕುಚ್ಚುಮೀನು ಮರಿ ಮಾಡುತ್ತದೆ. ಕುಂಕುಮ ಚೆಲ್ಲಿದ ಹಾಗೆ ಕೆಂಪು ಮರಿಗಳು. ಗುಂಪಾಗಿ ನೀರಿನ ಮೇಲಕ್ಕೆ ಬರುತ್ತವೆ, ಉಸಿರು ತೆಗೆದುಕೊಂಡು ಇಳಿಯುತ್ತವೆ. ಕೆಳಗೆ ಅಪ್ಪ ಮೀನು ಕಾವಲಿರುತ್ತದೆ, ಹತ್ತಿರ ಬಂದದ್ದನ್ನು ಅಟ್ಟುತ್ತದೆ. ಮರಿಗಳು ಬೆಳೆದು ಕಪ್ಪಾಗುವ ತನಕ ಅಲ್ಲಿ ಯಾರೂ ಗಾಳ ಇಳಿಸುವ ಹಾಗಿಲ್ಲ. ಕೊಂಬೆ ನೆಟ್ಟರೆ ಅಷ್ಟೇ ಅರ್ಥ.

ಓಬಳೇಶನಿಗೆ ಆ ಕೊಂಬೆ ಬೇರೆಯೇ ಅರ್ಥ ಹೇಳಿತು. ದೊಡ್ಡ ಮೀನು ಎಲ್ಲಿದೆ ಎಂದು ಹೇಳಿತು.

ಮರುದಿನ ಬೆಳಿಗ್ಗೆ ಅವನು ತೋಳುದ್ದದ ಕುಚ್ಚುಮೀನನ್ನು ತಂದು ಗುರುವಿನ ಮುಂದೆ ಹಾಕಿದ.

"ದೀಕ್ಷೆಗೆ ನನ್ನ ಕಾಣಿಕೆ. ಎರೆಹುಳ ಇಲ್ಲ, ಕಪ್ಪೆ ಇಲ್ಲ. ಬರೀ ಗಾಳ. ಮರಿಗಳ ನಡುವೆ ಬಿಟ್ಟು ಸ್ವಲ್ಪ ಆಡಿಸಿದೆ ನೋಡಿ, ಬಂದು ಕಚ್ಚಿತು. ಬರೀ ಗಾಳಕ್ಕೆ ಮೀನು ಹಿಡಿದವನನ್ನ ಎಲ್ಲಾದರೂ ನೋಡಿದ್ದೀರಾ?"

"ಕೊಂಬೆ ನೋಡಲಿಲ್ಲವಾ?"

"ನೋಡಿದೆ. ಅದಿಲ್ಲದಿದ್ರೆ ಹೊಳೆಯೆಲ್ಲಾ ಹುಡುಕಬೇಕಾಗ್ತಿತ್ತು."

ಅವನು ನಕ್ಕ. ದುರುಗವ್ವ ಒಲೆಯ ಕಡೆ ತಿರುಗಿ ಕೂತಳು.

ಹರಿಗೋಲಯ್ಯ ಮೀನಿನ ಹೊಟ್ಟೆ ಸೀಳಿದ. ಬೆರಳು ಹಾಕಿ ಬಿಡಿಸಿ ತೋರಿಸಿದ. ಒಳಗೆ ಏನೂ ಇರಲಿಲ್ಲ.

"ಹಸಿದಿತ್ತು," ಎಂದ ಓಬಳೇಶ. "ಅದಕ್ಕೇ ಕಚ್ಚಿತು."

"ಹಸಿದ ಮೀನು ಕಬ್ಬಿಣ ತಿನ್ನಲ್ಲ."

"ಮತ್ತೆ ಯಾಕೆ ಕಚ್ಚಿತು?"

ಗುರು ಕೈ ತೊಳೆದುಕೊಂಡ. "ಅದು ನಿಂತಿದ್ದ ಜಾಗದಲ್ಲಿ ಹೋಗಿ ನಿಲ್ಲು."

"ಎಲ್ಲಿ ತನಕ?"

"ಮರಿ ಕಪ್ಪಾಗೋ ತನಕ."

"ಅದಕ್ಕೆ ವಾರಗಟ್ಟಲೆ ಬೇಕಲ್ಲ ಅಯ್ಯ."

"ಮೀನು ಹಂಗೆ ಕೇಳಲಿಲ್ಲ."

ಓಬಳೇಶ ಮಡುವಿಗಿಳಿದ. ನೀರು ಸೊಂಟಕ್ಕೆ ಬಂತು. ಒಂದು ಮೀನು ಮಾಡುವ ಕೆಲಸ ತನಗೆ ಬಾರದೇ ಎಂದು ದಂಡೆಗೆ ಕೇಳಿಸುವಂತೆ ಹೇಳಿದ.

ಮಿಂಚುಳ್ಳಿ ಬಂತು. ಕೈ ಬೀಸಿದ. ಅದು ಹಾರಿಹೋಯಿತು, ಬಾಯಲ್ಲಿ ಒಂದು ಮರಿಯಿತ್ತು.

ನೀರುಕಾಗೆಗಳು ಬಂದವು. ನೀರು ಬಡಿದು ಕೂಗಿದ. ಬಡಿದ ರಭಸಕ್ಕೆ ಮರಿಗಳು ಚದುರಿದವು. ಚದುರಿದವುಗಳನ್ನು ಹಿಡಿಯುವುದು ಆ ಹಕ್ಕಿಗಳಿಗೆ ಇನ್ನೂ ಸುಲಭವಾಯಿತು.

ಅವನು ಬಡಿಯುವುದನ್ನು ಬಿಟ್ಟ.

ಉಳಿದ ಮರಿಗಳು ಮೆಲ್ಲಗೆ ಬಂದು ಅವನ ಕಾಲ ಸುತ್ತ ಗುಂಪಾದವು. ಕೆಳಗೆ ದೊಡ್ಡದೇನೋ ನಿಂತಿದೆ, ಅವಕ್ಕೆ ಅಷ್ಟು ಸಾಕಾಗಿತ್ತು.

ಓಬಳೇಶ ಅಲುಗಾಡದೆ ನಿಂತ.

ಮಧ್ಯಾಹ್ನ ದುರುಗವ್ವ ದಂಡೆಗೆ ಬಂದಳು. "ಉಣ್ಣಾಕೆ ಬಾರೋ."

ಅವನು ಒಲ್ಲೆನೆಂದು ತಲೆಯಾಡಿಸಿದ.

"ಮೀನಿನ ಸಾರಲ್ಲ ಬಿಡು. ಅದನ್ನ ನಾನು ಒಲೆಗಿಡಲಿಲ್ಲ. ಮುದ್ದೆ, ಉಪ್ಪು, ಮೆಣಸಿನಕಾಯಿ."

"ಈಗ ಬೇಡವ್ವ. ನಾನು ಸರಿದರೆ ಇವು ಹೋಗ್ತವೆ."

ಅವನು ಸರಿಯಲಿಲ್ಲ. ಆದರೂ ಅವು ಹೋದವು. ಕೆಳಗಿನಿಂದ ಮರಿ ತಿನ್ನುವ ಬಾಳೆಮೀನು ಬಂದದ್ದು ಅವನಿಗೆ ಕಾಣಲಿಲ್ಲ, ಕಾಲಿಗೆ ತಾಗಿದಾಗಷ್ಟೇ ತಿಳಿಯಿತು. ನೀರಿನೊಳಗೆ ಕೈ ಹಾಕಿ ತಡಕಾಡಿದ. ಅದಕ್ಕೆ ಹಲ್ಲಿತ್ತು, ಇವನಿಗೆ ಬೆರಳಿತ್ತು.

ಪ್ರತಿ ಸಲ ಮರಿಗಳು ಉಸಿರಿಗೆಂದು ಮೇಲೆ ಬಂದಾಗ ಆ ಕೆಂಪು ಚಿಕ್ಕದಾಗುತ್ತಿತ್ತು. ಕಂಬಳಿಯಷ್ಟಿದ್ದದ್ದು ತಟ್ಟೆಯಷ್ಟಾಯಿತು. ಹೊತ್ತು ಇಳಿಯುವಾಗ ಅಂಗೈಯಷ್ಟಿತ್ತು.

ಆಮೇಲೆ ಅವು ಮೇಲೆ ಬರಲಿಲ್ಲ. ಅವನು ಕಾಯುತ್ತಲೇ ನಿಂತಿದ್ದ.

ಕೊನೆಗೆ ದಡ ಹತ್ತಿದಾಗ ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಹರಿಗೋಲಯ್ಯ ತನ್ನ ಹಳೆಯ ಹರಿಗೋಲಿನ ಪಕ್ಕದಲ್ಲಿ ಕೂತಿದ್ದ. ಬೆಳಗಿನ ಮೀನು ಹಾಗೇ ಬಿದ್ದಿತ್ತು, ನೊಣ ಮುತ್ತಿದ್ದವು.

"ಒಂದೂ ಉಳೀಲಿಲ್ಲ ಅಯ್ಯ. ಅಲ್ಲೇ ನಿಂತಿದ್ದೆ. ನನ್ನ ಕಾಲ ಹತ್ರಾನೇ ಇದ್ದವು."

ಆಗ ಆಚೆ ದಡದಿಂದ ಹೆಂಗಸೊಬ್ಬಳು ಅಳುವ ದನಿ ಕೇಳಿಸಿತು. ಒಂದು ಸಲ ಎದ್ದು, ನಿಂತು, ಮತ್ತೆ ಎದ್ದಿತು. ಆಮೇಲೆ ಬೇರೆ ದನಿಗಳೂ ಸೇರಿಕೊಂಡವು.

ಮೊದಲಿನ ದನಿ ಯಾರದೆಂದು ಓಬಳೇಶನಿಗೆ ಗೊತ್ತಿತ್ತು. ಆ ದನಿಯ ಜೊತೆ ಅವನು ಸಂಸಾರ ಮಾಡಿದ್ದ.

ದುರುಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಓಬಳೇಶ ಆಚೆ ದಡದ ಕಡೆ ತಿರುಗಿದ.

"ಈಗ ಹೋಗಿ ಏನು ಸಿಗ್ತದೆ ಅಯ್ಯ?"

ಹರಿಗೋಲಯ್ಯ ಎದ್ದು ಹರಿಗೋಲನ್ನು ನೀರಿಗೆ ತಳ್ಳಿದ. ಹುಟ್ಟನ್ನು ತಂದು ಶಿಷ್ಯನ ಕೈಯಲ್ಲಿಟ್ಟ.

"ನೀನು ಬಿಟ್ಟ ಗಾಳದಲ್ಲಿ ಏನೂ ಇರಲಿಲ್ಲ. ಆದರೂ ಆ ಮೀನು ಬಂತು."