ಹರಿಗೋಲಿನ ಹಿಂದಿನ ಮೂಲೆ

"ಗುರುಗಳೆ, ಕೊರತೆಯನ್ನು ಕಳೆದರೆ ಅದು ಕೂಡಿದ ಹಾಗಾಗುವುದು ಹೇಗೆ?"

ಕೇಳಿದವನು ಕೊಟ್ರಯ್ಯ. ಹನ್ನೊಂದು ವರ್ಷ ಮಠದ ಪಾಠಶಾಲೆಯಲ್ಲಿ ಓದಿ, ಮರುದಿನ ಬೆಳಿಗ್ಗೆ ಒಂದು ಊರಿನ ಶಾಲೆಗೆ ಲೆಕ್ಕದ ಮೇಷ್ಟರಾಗಿ ಹೊರಡುವವನಿದ್ದ.

"ಧನ ಸಂಖ್ಯೆ, ಋಣ ಸಂಖ್ಯೆ ಎರಡೂ ನನಗೆ ಗೊತ್ತು. ಒಂದರಿಂದ ಋಣ ಮೂರನ್ನು ಕಳೆದರೆ ನಾಲ್ಕು ಎಂದು ಹಲಗೆಯ ಮೇಲೆ ಬರೆಯಬಲ್ಲೆ. ಆದರೆ, ಏನನ್ನೂ ಕೊಡದೆ ಬರೀ ತೆಗೆದರೆ ಹೆಚ್ಚಾಗುವುದು ಹೇಗೆ ಮೇಷ್ಟರೇ ಎಂದು ಮಕ್ಕಳು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ."

ಗುರುಗಳ ಕಣ್ಣು ಕೊಟ್ರಯ್ಯನ ಮುಂದಿದ್ದ ತಟ್ಟೆಯ ಮೇಲಿತ್ತು. ಓದು ಮುಗಿಸಿ ಹೊರಡುವವರು ತಮಗೆ ಉಪಕಾರ ಮಾಡಿದವರನ್ನು ನೆನೆದು, ಹೆಸರಿಗೊಂದರಂತೆ ಕೊಬ್ಬರಿ ಬಟ್ಟಲು ಜೋಡಿಸಿ ದೇವರ ಮುಂದಿಡುವುದು ಆ ಮಠದ ವಾಡಿಕೆ. ತಟ್ಟೆಯಲ್ಲಿ ಒಂಬತ್ತು ಬಟ್ಟಲುಗಳಿದ್ದವು.

"ಯಾರು ಯಾರದು?" ಎಂದು ಕೇಳಿದರು.

ಕೊಟ್ರಯ್ಯ ಒಂದೊಂದನ್ನೇ ಮುಟ್ಟಿ ಹೇಳಿದ. ಹಡೆದವ್ವ. ಅಕ್ಷರ ಕಲಿಸಿದ ಗುರುಗಳು. ಹನ್ನೊಂದು ವರ್ಷ ಅನ್ನ ಬಡಿಸಿದ ಅಡುಗೆಯವರು. ಪುಸ್ತಕ ಕೊಟ್ಟವರು, ವರ್ಷಕ್ಕೊಂದು ಜೊತೆ ಬಟ್ಟೆ ಕೊಟ್ಟವರು, ಕೈಹಿಡಿದು ಮಠಕ್ಕೆ ಕರೆತಂದ ಸೋದರಮಾವ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿತು. ಅವನು ಉಪಕಾರ ಮರೆಯುವ ಹುಡುಗನಲ್ಲ.

"ಮನೆಯಲ್ಲಿ ಬೇರೆ ಯಾರೂ ಇಲ್ಲವೇ?"

"ಅಪ್ಪ ಇಲ್ಲ. ಅವ್ವ, ನಾನು ಇಲ್ಲಿಗೆ ಬಂದ ವರ್ಷವೇ ಹಾಸಿಗೆ ಹಿಡಿದಳು. ಇನ್ನು ಮನೆಯಲ್ಲಿರುವುದು ನನ್ನ ಅಕ್ಕ, ಹಾಲಕ್ಕ ಒಬ್ಬಳು. ಅವಳೇನು ಕೊಟ್ಟಾಳು ಗುರುಗಳೆ, ಪಾಪ!"

"ಅದೂ ಸರಿಯೇ. ಬಾ, ನಿನ್ನ ಲೆಕ್ಕ ನೋಡೋಣ" ಎಂದು ಗುರುಗಳು ಗೋಡೆಗೆ ಒರಗಿ ಕುಳಿತು ಈ ಕತೆ ಹೇಳಿದರು.

ಒಂದು ಹೊಳೆಯಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ನಡೆಸುವವನು. ಬಿದಿರಿನ ದೊಡ್ಡ ಬುಟ್ಟಿ, ಅದರ ಹೊರಮೈಗೆ ಚರ್ಮದ ಹೊದಿಕೆ, ಕೈಯಲ್ಲೊಂದು ಹುಟ್ಟು, ಇಷ್ಟೇ ಅವನ ಸಂಸಾರದ ಆಧಾರ. ಓದು ಬರಹ ಇಲ್ಲದಿದ್ದರೂ ಲೆಕ್ಕದಲ್ಲಿ ಮಹಾ ಬಿಗಿ. ಖಾಲಿ ಹರಿಗೋಲಿನ ಅಂಚು ನೀರಿನಿಂದ ಹನ್ನೆರಡು ಬೆರಳು ಮೇಲಿರುತ್ತಿತ್ತು. ಜನ ಹತ್ತಿದಂತೆ, ಮೂಟೆ ಇಟ್ಟಂತೆ ಅದು ಇಳಿಯುತ್ತಿತ್ತು. ದಿನಕ್ಕೊಂದೇ ಸಲ, ಬೆಳಿಗ್ಗೆ, ಎಂಟು ಬೆರಳು ಇಳಿಯುವಷ್ಟು ಭಾರ ಹೇರಿ, ನಾಲ್ಕು ಬೆರಳು ಉಳಿಸಿಕೊಂಡು ಹೊರಡುವುದು ಅವನ ಕ್ರಮ. ನಾಲ್ಕಕ್ಕಿಂತ ಕಡಿಮೆಯಾದರೆ ಊರಗೌಡನೇ ಬಂದರೂ ದಡ ಬಿಡುತ್ತಿರಲಿಲ್ಲ. ಆಚೆ ದಡ ಮುಟ್ಟಿದ ಕೂಡಲೇ ಮತ್ತೆ ಬೆರಳಿಟ್ಟು ಅಳೆಯುತ್ತಿದ್ದ. ನಾಲ್ಕಕ್ಕೆ ನಾಲ್ಕೂ ಇರುತ್ತಿತ್ತು.

"ನೋಡ್ರಪ್ಪಾ, ನನ್ನ ಹರಿಗೋಲು ಒಂದು ಹನಿ ನೀರು ಕುಡಿಯುವುದಿಲ್ಲ" ಎಂದು ಮೀಸೆ ತಿರುವುತ್ತಿದ್ದ.

ಸುಗ್ಗಿಯಲ್ಲಿ ಎರಡೂ ದಡದ ಜನ ಅವನಿಗೆ ಜೋಳ ಕೊಡುತ್ತಿದ್ದರು. ಕೊಡದವಳು ಒಬ್ಬ ಅಜ್ಜಿ ಮಾತ್ರ. ಆಚೆ ದಡದ ಊರಿನಲ್ಲಿ ಅವಳಿಗೊಬ್ಬ ಕಣ್ಣಿಲ್ಲದ ತಮ್ಮನಿದ್ದ. ದಿನಾ ಬೆಳಿಗ್ಗೆ ಹೋಗಿ ಅವನಿಗೆ ಗಂಜಿ ಕಾಯಿಸಿ ಕೊಟ್ಟು ಬರುವಳು. "ಕೊಡೋಕೆ ನನ್ನ ಹತ್ರ ಏನೂ ಇಲ್ಲಪ್ಪಾ, ಹಿಂದಿನ ಮೂಲೇಲಿ ಕೂತಿರ್ತೀನಿ" ಎಂದು ಮೊದಲ ದಿನವೇ ಹೇಳಿದ್ದಳು. ಅಂಬಿಗ ಕರುಣೆಯಿಂದ ಹೂಂ ಅಂದಿದ್ದ. ಆದರೂ ಒಳಗೊಳಗೆ ಅವಳ ಹೆಸರಿನಲ್ಲಿ ಒಂದು ಬೆರಳು ಕಳೆದುಕೊಳ್ಳುತ್ತಲೇ ಇದ್ದ. ಅಜ್ಜಿ ಅಂದರೆ ಒಂದು ಬೆರಳು ನಷ್ಟ. ಅವನ ಲೆಕ್ಕದಲ್ಲಿ ಅವಳು ಅಷ್ಟೇ.

ವರ್ಷಗಳು ಹೀಗೇ ಹೋದವು. ಅಂಬಿಗನ ಮಗಳು ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗುವಾಯಿತು. ಐದು ತಿಂಗಳ ಬಾಣಂತನ ಮುಗಿಸಿ ಮಗಳನ್ನೂ ಮಗುವನ್ನೂ ಆಚೆ ದಡಕ್ಕೆ, ಗಂಡನ ಮನೆಗೆ, ಕಳಿಸುವ ದಿನ ಬಂತು. ತೊಟ್ಟಿಲು, ಬುತ್ತಿ, ಕಳಿಸಲು ಬಂದ ನೆಂಟರು, ಎಲ್ಲ ಹತ್ತಿದ ಮೇಲೆ ಅಂಬಿಗ ಬೆರಳಿಟ್ಟು ನೋಡಿದ. ಸರಿಯಾಗಿ ನಾಲ್ಕು. ಅಷ್ಟರಲ್ಲಿ ಅಜ್ಜಿ ಬಂದಳು.

"ಇವತ್ತು ಜಾಗ ಇಲ್ಲಜ್ಜಿ. ಇವರನ್ನು ಬಿಟ್ಟು ಬರ್ತೀನಿ, ಅಲ್ಲೀ ತನಕ ಕೂತಿರು" ಅಂದ.

ಅಜ್ಜಿ ಹರಿಗೋಲಿನ ಹಿಂದಿನ ಮೂಲೆಯನ್ನು ನೋಡಿದಳು. ಏನೋ ಹೇಳಲು ಹೋದಳು. ಅವನು ಆಗಲೇ ಹುಟ್ಟು ಹಾಕಿದ್ದ.

ಅಂದು ಹೊಳೆ ತುಸು ಏರಿತ್ತು. ಸೆಳೆತಕ್ಕೆ ಸಿಕ್ಕಿ ದಾರಿ ಉದ್ದವಾಯಿತು. ಕೊಟ್ರಯ್ಯ, ನೀನು ಹರಿಗೋಲು ಹತ್ತಿದವನಲ್ಲ, ಅದಕ್ಕೆ ಹೇಳುತ್ತೇನೆ: ಅಂಬಿಗ ಮುಂದೆ ನಿಂತು, ಮುಂದೆ ನೋಡುತ್ತ, ನೀರನ್ನು ತನ್ನ ಕಡೆ ಎಳೆಯುತ್ತಾನೆ. ಅವನ ಬೆನ್ನ ಹಿಂದೆ ಏನಿದೆ ಎಂದು ಅವನಿಗೆ ಕಾಣುವುದಿಲ್ಲ. ನಡುಹೊಳೆಯಲ್ಲಿ ಅವನ ಕಾಲು ತಣ್ಣಗಾಯಿತು. ಬಗ್ಗಿ ನೋಡಿದ. ಕಾಲಿನ ಹರಡು ಮುಳುಗುವಷ್ಟು ನೀರು! ಅಂಚಿಗೆ ಬೆರಳಿಟ್ಟ. ಒಂದೇ ಬೆರಳು ಉಳಿದಿತ್ತು. ಚರ್ಮದ ಹೊಲಿಗೆ ಸಣ್ಣಗೆ ಜಿನುಗುತ್ತಲೇ ಇತ್ತು. ಹನಿ ನೀರು ಕುಡಿಯದ ಹರಿಗೋಲು!

ಅಯ್ಯೋ ಶಿವನೇ ಎಂದು ಅವನ ಎದೆ ಒಡೆಯಿತು. ಹುಟ್ಟು ಬಿಟ್ಟರೆ ಸೆಳೆತ ಎಳೆದೊಯ್ಯುತ್ತದೆ, ಬಿಡದಿದ್ದರೆ ನೀರು ತುಂಬುತ್ತದೆ. ಹಿಂದೆ ಮಗಳ ಮಡಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ದಡ ಮುಟ್ಟುವುದರೊಳಗೆ ಇನ್ನೂ ಎರಡು ಬೆರಳು ನೀರು ಒಳಗೆ ಬರುತ್ತದೆ ಎಂದು ಅವನಿಗೆ ಗೊತ್ತಾಯಿತು. ನಾಲ್ಕು ಇದ್ದಲ್ಲಿ ಐದು ಹೋದರೆ ಅಂಚು ನೀರಿಗಿಂತ ಒಂದು ಬೆರಳು ಕೆಳಗೆ. ಸೊನ್ನೆಗಿಂತ ಕಡಿಮೆ ಅಂದರೇನು ಎಂದು ಕೇಳುವ ಪಂಡಿತರನ್ನು ಒಮ್ಮೆ ಆ ಹರಿಗೋಲಿನಲ್ಲಿ ಕೂರಿಸಬೇಕಿತ್ತು.

ಆಗ ಮಗಳು ಕೂಗಿದಳು. "ಅಪ್ಪಾ, ಇಲ್ಲೊಂದು ಚಿಪ್ಪು ಇದೆ!"

ಹಿಂದಿನ ಮೂಲೆಯಲ್ಲಿ, ಬಿದಿರಿನ ಹೆಣಿಗೆಗೆ ಸಿಕ್ಕಿಸಿದ ಒಂದು ತೆಂಗಿನ ಚಿಪ್ಪು. ಒಂದು ಕಡೆಯ ಅಂಚು ಅರ್ಧ ಸವೆದುಹೋಗಿತ್ತು. ಮಗಳು ಮಗುವನ್ನು ಪಕ್ಕದವಳ ಮಡಿಲಿಗೆ ಹಾಕಿ, ಸೆರಗು ಕಟ್ಟಿ, ಒಂದೇ ಸಮನೆ ನೀರು ಮೊಗೆದು ಹೊರಗೆ ಚೆಲ್ಲತೊಡಗಿದಳು. ಅಂಬಿಗ ತೋಳು ಕಿತ್ತುಹೋಗುವ ಹಾಗೆ ಹುಟ್ಟು ಹಾಕಿದ. ದಡ ಮುಟ್ಟಿದಾಗ ಅಂಚು ಎರಡು ಬೆರಳು ಮೇಲಿತ್ತು.

ಈಗ ಹಲಗೆ ತೆಗೆದುಕೋ. ದಡ ಬಿಟ್ಟಾಗ ನಾಲ್ಕು. ಒಳಗೆ ಬಂದದ್ದು ಐದು ಬೆರಳಿನ ಕೊರತೆ. ಅಲ್ಲಿಗೆ ಋಣ ಒಂದು, ಅಂದರೆ ಮುಳುಗಿದ ಹಾಗೆಯೇ. ಮಗಳು ಅದರಲ್ಲಿ ಮೂರು ಬೆರಳಿನ ಕೊರತೆ ತೆಗೆದು ಹೊರಗೆ ಹಾಕಿದಳು. ಉಳಿದದ್ದು ಎರಡು. ಅವಳು ಹರಿಗೋಲಿಗೆ ಒಂದು ಕಡ್ಡಿಯನ್ನೂ ಸೇರಿಸಲಿಲ್ಲ, ಕೆಳಗಿನಿಂದ ಯಾರೂ ಎತ್ತಿ ಹಿಡಿಯಲಿಲ್ಲ. ಆದರೂ ಅಂಚು ಮೇಲೆ ಬಂತು.

ಮಗುವನ್ನು ಬೀಗರ ಕೈಗೆ ಕೊಟ್ಟ ಮೇಲೆ ಅಂಬಿಗ ಆ ಚಿಪ್ಪನ್ನು ಕೈಯಲ್ಲಿ ಹಿಡಿದು ಮರಳ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಆಚೆ ದಡದಲ್ಲಿ ನಾಲ್ಕಕ್ಕೆ ನಾಲ್ಕೂ ಹೇಗೆ ಇರುತ್ತಿತ್ತು ಎಂದು ಆಗ ತಿಳಿಯಿತು. ಮೀಸೆ ತಿರುವಿದ ದಿನಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಬೀಗರು ಊಟಕ್ಕೆ ಕರೆದರೂ ನಿಲ್ಲದೆ ಹರಿಗೋಲು ಬರಿದು ಮಾಡಿಕೊಂಡು ತಿರುಗಿ ಬಂದ. ಅಜ್ಜಿ ಗಂಜಿಯ ಅಕ್ಕಿಗಂಟು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದಳು. ಅವನನ್ನು ಕಂಡದ್ದೇ ಎದ್ದು, "ಮಗು ಕ್ಷೇಮವೇನಪ್ಪಾ?" ಎಂದಳು.

ಅಂಬಿಗ ಅವಳ ಕಾಲ ಮೇಲೆ ಬಿದ್ದ. "ನಮ್ಮವ್ವಾ, ನನ್ನ ಮೊಮ್ಮಗಳು ಬದುಕಿದ್ದು ನಿನ್ನ ಚಿಪ್ಪಿನಿಂದ. ಇಷ್ಟು ವರ್ಷ ಒಂದು ಮಾತು ಹೇಳಬಾರದಾಗಿತ್ತೇ?"

"ಹೇಳೋಕೇನಿತ್ತು? ನಾನೇನು ಕೊಟ್ಟೆನೇ? ನೀರು ಬಂದದ್ದನ್ನ ಹೊರಗೆ ಹಾಕ್ತಿದ್ದೆ, ಅಷ್ಟೇ" ಅಂದಳು ಅಜ್ಜಿ. "ಏಳಪ್ಪಾ, ನನ್ನ ತಮ್ಮ ಹಸಿದಿರ್ತಾನೆ."

ಅಂದು ಅಂಬಿಗ ಆ ಒಬ್ಬಳನ್ನೇ ಕೂರಿಸಿಕೊಂಡು ಹೊಳೆ ದಾಟಿಸಿದ. ಹುಟ್ಟು ಹಾಕುತ್ತ ಹಾಕುತ್ತ ಮತ್ತೆ ಮತ್ತೆ ಹಿಂತಿರುಗಿ ನೋಡಿದ. ಆ ವರ್ಷದ ಸುಗ್ಗಿಯಲ್ಲಿ ತನಗೆ ಬಂದ ಜೋಳದಲ್ಲಿ ಮೊದಲ ಮೊರ ತುಂಬಿ ಅಜ್ಜಿಯ ಮನೆಗೆ ತಾನೇ ಹೊತ್ತು ಹೋದ. ಮಗಳು ತವರಿಗೆ ಬಂದಾಗಲೆಲ್ಲ ಮಗುವನ್ನು ಮೊದಲು ಅಜ್ಜಿಯ ಮಡಿಲಲ್ಲಿ ಮಲಗಿಸಿ, ಆಮೇಲೆ ತನ್ನ ಮನೆಯ ಹೊಸಿಲು ದಾಟುತ್ತಿದ್ದಳು.

ಕತೆ ಮುಗಿಯಿತು. ಕೊಟ್ರಯ್ಯನ ಮುಖ ಅರಳಿತು.

"ಆಹಾ, ತಿಳಿಯಿತು ಗುರುಗಳೆ! ಶಾಲೆಯ ತೊಟ್ಟಿಯಲ್ಲಿ ಒಂದು ಬೋಗುಣಿ ತೇಲಿಬಿಟ್ಟು, ನೀರು ಹಾಕಿ, ಮೊಗೆದು ತೋರಿಸುತ್ತೇನೆ. ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಆ ಅಂಬಿಗ ಎಂಥ ದಡ್ಡ! ಅಷ್ಟು ವರ್ಷ ಬೆನ್ನ ಹಿಂದೆ ಕೂತು ಮೊಗೆಯುತ್ತಿದ್ದವಳು ಒಮ್ಮೆಯೂ ಅವನ ಕಣ್ಣಿಗೆ ಬೀಳಲಿಲ್ಲವಲ್ಲ!"

ಗುರುಗಳು ಪಕ್ಕದ ಬುಟ್ಟಿಯಿಂದ ಒಂದು ಕೊಬ್ಬರಿ ಬಟ್ಟಲು ತೆಗೆದು ಅವನ ಅಂಗೈಯಲ್ಲಿಟ್ಟರು.

"ನೀನು ಇಲ್ಲಿ ಕೂತು ಓದಿದ ಹನ್ನೊಂದು ವರ್ಷ, ಅಲ್ಲಿ ನಿಮ್ಮವ್ವನನ್ನು ಎತ್ತಿ ಕೂರಿಸಿ ಉಣ್ಣಿಸಿದವರು ಯಾರು, ಕೊಟ್ರಯ್ಯ?"

ಕೊಟ್ರಯ್ಯ ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, "ಹಾಲಕ್ಕ" ಎಂದು ತಟ್ಟೆಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟ.