ಮುಸುವಜ್ಜಿಯ ಖಾಲಿ ಚಿಪ್ಪು

ಮಕ್ಕಳೇ, ಬಿದಿರುಕಾಡಿನ ಕೆರೆಯ ದಡದಲ್ಲಿ ಒಂದು ದೊಡ್ಡ ಮತ್ತಿಮರ ಉರುಳಿ ಬಿದ್ದಿತ್ತು. ಅದರ ಪೊಟರೆಯಲ್ಲಿ ಕರಿಮುಖದ ಕೋತಿ ಮುಸುವಜ್ಜಿ ಒಂದು ವಸ್ತುಸಂಗ್ರಹಾಲಯ ತೆರೆದಳು. ಅಲ್ಲಿಟ್ಟಿದ್ದು ಚಿನ್ನವನ್ನಲ್ಲ, ಬೆಳ್ಳಿಯನ್ನಲ್ಲ, ರಕ್ತ ಹೀರುವ ಜೀವಿಗಳನ್ನು. ನಮ್ಮ ರಕ್ತ ಕುಡಿಯುವವರ ಮುಖವನ್ನು ಮರಿಗಳು ಒಮ್ಮೆ ನೋಡಿಕೊಳ್ಳಲಿ ಎಂಬುದು ಅವಳ ಆಸೆ.

ಮೊದಲ ದಿನವೇ ಕಾಡಿನ ಪ್ರಾಣಿಗಳೆಲ್ಲ ಮರಿಗಳೊಂದಿಗೆ ನೋಡಲು ಬಂದವು. ಚಿಪ್ಪಿನ ನೀರಿನಲ್ಲಿ ಜಿಗಣೆ ಇತ್ತು. ಜೇಡರ ಬಲೆಯಲ್ಲಿ ಸೊಳ್ಳೆ, ಮರದ ಅಂಟಿನ ಮೇಲೆ ಚಿಗಟ. ಹೇನಿನ ಮುಂದೆ ನಿಂತು ಅಜ್ಜಿ, "ಇದು ನನ್ನ ಮೊಮ್ಮಗನ ತಲೆಯದು" ಎಂದು ಸಂಕೋಚವಿಲ್ಲದೆ ಹೇಳಿದಳು. ಒಂದು ಚಿಪ್ಪು ಮಾತ್ರ ಖಾಲಿ ಇತ್ತು.

"ಇಲ್ಲಿ ಉಣುಗು ಇರಬೇಕಿತ್ತು. ಕಿವಿ ಸಂದೀಲಿ ಕಚ್ಚಿಕೊಂಡು ರಕ್ತ ಹೀರೋ ಹುಳ. ಯಾರ ಮೈಮೇಲಾದರೂ ಇದ್ದರೆ ಹೇಳಿ, ಕೀಳೋದು ನನ್ನ ಕೆಲಸ."

"ಛೆ, ನಾವು ದಿನಾ ಮೀಯೋರು" ಎಂದಿತು ಹಂದಿ.

"ನಮ್ಮ ಮನೆತನದಲ್ಲೇ ಇಲ್ಲ" ಎಂದಿತು ಜಿಂಕೆ.

ಕಾಡೆಮ್ಮೆ ನೀಲವ್ವ ಮೆಲ್ಲಗೆ ಹಿಂದೆ ಸರಿದಳು. ಅವಳ ಕರು ಹೊನ್ನಿಯ ಎಡಗಿವಿ ತುಂಬ ಉಣುಗೇ. ದಿನವೂ ಬೆಳ್ಳಕ್ಕಿ ಬಂದು ಹೆಕ್ಕಿ ಹೋಗುತ್ತಿತ್ತು. ಆದರೆ ಬೆಳ್ಳಕ್ಕಿ ಬಂದು ಕೂತರೆ ಉಣುಗಿದೆ ಎಂದು ಡಂಗುರ ಸಾರಿದ ಹಾಗೇ ಅಲ್ಲವೇ? ಪ್ರದರ್ಶನದ ಸುದ್ದಿ ಬಂದಂದಿನಿಂದ ನೀಲವ್ವ ಅದನ್ನು ಬಾಲ ಬೀಸಿ ಓಡಿಸುತ್ತಿದ್ದಳು. ಇವತ್ತು ಬೆಳಿಗ್ಗೆ ಕರುವಿನ ಕಿವಿಗೆ ಕೆಸರನ್ನೂ ಮೆತ್ತಿದ್ದಳು. ಹೊನ್ನಿ ನಾಲ್ಕು ದಿನದಿಂದ ಸರಿಯಾಗಿ ಹಾಲು ಕುಡಿದಿರಲಿಲ್ಲ.

"ನೀಲವ್ವ, ನಿನ್ನಲ್ಲಿ?"

"ನಮ್ಮಲ್ಲಿ ಎಲ್ಲಿಂದ ಬರಬೇಕು ಅಜ್ಜಿ" ಎಂದಳು.

"ಅವ್ವ, ನಿಲ್ಲೋಕಾಗ್ತಿಲ್ಲ" ಎಂದಿತು ಹೊನ್ನಿ.

"ಸುಮ್ಮನಿರೇ, ಎಲ್ಲರೂ ನೋಡ್ತಿದಾರೆ. ಇನ್ನೇನು ಹೊರಡೋಣ."

ಹೊನ್ನಿ ಮುಂಗಾಲು ಮಡಿಸಿ ಅಲ್ಲೇ ಕುಸಿಯಿತು. ಅದರ ಒಸಡು ರಕ್ತವಿಲ್ಲದೆ ಸುಣ್ಣದಂತೆ ಬಿಳಿಚಿತ್ತು.

ನೀಲವ್ವನಿಗೆ ಮಾನ ಹೋದರೆ ಹೋಗಲಿ ಎನಿಸಿತು.

"ಅಜ್ಜಿ, ನಾನು ಸುಳ್ಳು ಹೇಳಿದೆ. ಎಡಗಿವಿ ನೋಡು. ನನ್ನ ಮಗೂನ ಉಳಿಸಿಕೊಡು."

ಅಜ್ಜಿ ಕೆಸರು ಕೆರೆದಳು. ಒಳಗೆ ಹರಳುಬೀಜ ಸುರಿದ ಹಾಗೆ ಊದಿದ ಉಣುಗುಗಳು. ಕೀಳಲು ಅವಳ ಎರಡು ಕೈ ಸಾಲಲಿಲ್ಲ. "ಬೆಳ್ಳಕ್ಕಿ ಎಲ್ಲಿ?" ಎಂದಳು.

ಬೆಳ್ಳಕ್ಕಿ ಆಚೆ ದಡದಲ್ಲಿ ಮುಖ ಊದಿಸಿಕೊಂಡು ಕೂತಿತ್ತು. ನೀಲವ್ವ ಏದುಸಿರು ಬಿಡುತ್ತಾ ಓಡಿದಳು. "ತಪ್ಪಾಯ್ತು, ಬಾರಪ್ಪ" ಎಂದಳು. ಅದು ಹಾರಿಬಂದು ಹೊನ್ನಿಯ ಕಿವಿಯ ಉಣುಗು ಹೆಕ್ಕತೊಡಗಿತು.

ಯಾರಾದರೂ ನಕ್ಕಾರೆಂದು ನೀಲವ್ವ ತಲೆ ತಗ್ಗಿಸಿ ನಿಂತಿದ್ದಳು. ಯಾರೂ ನಗಲಿಲ್ಲ. ಹಂದಿ ಮೆಲ್ಲಗೆ ಮುಂದೆ ಬಂದು, "ಅಜ್ಜಿ, ನನ್ನ ಕಿವೀನೂ ಒಂದ್ಸಲ ನೋಡ್ತೀಯಾ?" ಎಂದು ಕೇಳಿತು. ಅದರ ಹಿಂದೆಯೇ ಜಿಂಕೆ ಬಂದು ನಿಂತಿತು. ಸಂಜೆಯ ಹೊತ್ತಿಗೆ ಖಾಲಿ ಚಿಪ್ಪು ತುಂಬಿ, ಅಜ್ಜಿ ಇನ್ನೂ ಮೂರು ಚಿಪ್ಪು ತರಿಸಬೇಕಾಯಿತು.

ಹೊನ್ನಿ ಬದುಕಿಕೊಂಡಿತು. ಆದರೆ ಅದರ ಎಡಗಿವಿ ಇಂದಿಗೂ ಜೋತುಬಿದ್ದಿದೆ. ನೀಲವ್ವ ದಿನಾ ಬೆಳಿಗ್ಗೆ ಆ ಕಿವಿಯನ್ನು ನೆಕ್ಕಿ, ಬೆಳ್ಳಕ್ಕಿಯನ್ನು ತಾನೇ ಕೂಗಿ ಕರೆಯುತ್ತಾಳೆ.

ನೀತಿ: ನಾಚಿಕೆಯಿಂದ ಮುಚ್ಚಿಟ್ಟ ಕೇಡು ಒಳಗೊಳಗೇ ಕೊಬ್ಬುತ್ತದೆ, ಬಾಯಿಬಿಟ್ಟು ಹೇಳಿದರೆ ನೆರವೂ ಸಿಗುತ್ತದೆ, ಜೊತೆಯೂ ಸಿಗುತ್ತದೆ.